ಭೈಷಜ್ಯದಾನದಿಂದ ಅಭಯದಾನಕ್ಕೆ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ನಾವು ಒಟ್ಟಾಗಿಯೇ ಹೇಳುತ್ತೇವೆ. ಭೈಷಜ್ಯವು ವೈದ್ಯನ ಪಾಲಿನದು, ಅಭಯವು ಆಳುವವರ ಪಾಲಿನದು ಎಂದು ಮೇಲ್ನೋಟಕ್ಕೆ ತೋರಬಹುದು. ಇಪ್ಪತ್ತನೆಯ ಶತಮಾನದ ಇತಿಹಾಸವು ಈ ಎರಡನ್ನೂ ವೈದ್ಯನ ಕೈಯಲ್ಲಿಯೇ ಇರಿಸಿತು.

ಇಂಡಿ, ಸಿಂದಗಿ ಭಾಗದ ಅನೇಕ ರೋಗಿಗಳು ಚಿಕಿತ್ಸೆಗೆಂದು ಹೋಗುವ ಸೊಲ್ಲಾಪುರದಲ್ಲಿ 1910ರ ಅಕ್ಟೋಬರ್ 10ರಂದು ಡಾ. ದ್ವಾರಕಾನಾಥ ಕೋಟಣೀಸರು ಜನಿಸಿದರು. ಮುಂಬಯಿಯಲ್ಲಿ ವೈದ್ಯಶಿಕ್ಷಣ ಪಡೆದರು. ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಚೀನಾಕ್ಕೆ 1938ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸು ಕಳುಹಿಸಿದ ಐವರು ವೈದ್ಯರಲ್ಲಿ ಅವರೂ ಒಬ್ಬರು. ಗಾಯಾಳು ಸೈನಿಕರಿಗೆ ಹಗಲಿರುಳು ಶಸ್ತ್ರಚಿಕಿತ್ಸೆ ನಡೆಸಿ, 1941ರಲ್ಲಿ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು. ಉಳಿದ ನಾಲ್ವರು ಸ್ವದೇಶಕ್ಕೆ ಮರಳಿದರು. ಕೋಟಣೀಸರು ಮಾತ್ರ 1942ರ ಡಿಸೆಂಬರ್ 9ರಂದು, ತಮ್ಮ 32ನೆಯ ವಯಸ್ಸಿನಲ್ಲಿ, ಅಲ್ಲಿಯೇ ದೇಹವಿಟ್ಟರು. ಇದು ಭೈಷಜ್ಯದಾನದ ಪರಾಕಾಷ್ಠೆ.

ಆ ಯುದ್ಧದಲ್ಲಿ ಚಿಕಿತ್ಸೆಗೆ ಇನ್ನೂ ಅವಕಾಶವಿತ್ತು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಿದ್ದ ಒಂದೇ ಬಾಂಬು ಆ ಅವಕಾಶವನ್ನೂ ಅಳಿಸಿತು. ವರ್ಷಾಂತ್ಯದೊಳಗೆ ಸುಮಾರು 1,40,000 ಜನ ಸತ್ತರು. ನಗರದ ವೈದ್ಯರು, ದಾದಿಯರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿ ಸತ್ತರು ಇಲ್ಲವೆ ಗಾಯಗೊಂಡರು. ರೋಗಿಯೊಡನೆ ವೈದ್ಯನೂ ಇಲ್ಲವಾದ ಮೇಲೆ ಔಷಧವನ್ನು ಕೊಡುವವರಾರು?

ಈ ಪ್ರಶ್ನೆಯನ್ನು ವೈದ್ಯರೇ ಕೈಗೆತ್ತಿಕೊಂಡರು. ಅಮೆರಿಕದ ಹೃದ್ರೋಗತಜ್ಞ ಬರ್ನಾರ್ಡ್ ಲೌನ್ ಮತ್ತು ಅವರ ಸಂಗಡಿಗರು, ಬೋಸ್ಟನ್ ಪ್ರದೇಶದ ಮೇಲೆ ಅಣುಬಾಂಬು ಬಿದ್ದರೆ ಗಾಯಾಳುಗಳೆಷ್ಟು, ಉಳಿಯುವ ವೈದ್ಯರೆಷ್ಟು ಎಂಬ ಲೆಕ್ಕವನ್ನು 1962ರಲ್ಲಿಯೇ ಪ್ರಕಟಿಸಿದರು. ಚಿಕಿತ್ಸೆ ಅಸಾಧ್ಯ, ತಡೆಯುವುದೊಂದೇ ಮದ್ದು ಎಂಬುದೇ ಅದರ ತಾತ್ಪರ್ಯ. 1980ರಲ್ಲಿ ಅವರೂ ಸೋವಿಯತ್ ರಷ್ಯದ ಹೃದ್ರೋಗತಜ್ಞ ಯೆವ್ಗೆನಿ ಚಾಜೋವರೂ ಸೇರಿ ಅಣುಯುದ್ಧ ತಡೆಯುವ ಅಂತರರಾಷ್ಟ್ರೀಯ ವೈದ್ಯರ ಸಂಘಟನೆಯನ್ನು ಕಟ್ಟಿದರು. ವೈರಿ ರಾಷ್ಟ್ರಗಳ ಇಬ್ಬರು ವೈದ್ಯರು ಕೂಡಿ ನಡೆಸಿದ ಈ ಕಾರ್ಯಕ್ಕೆ 1985ರ ನೊಬೆಲ್ ಶಾಂತಿ ಪುರಸ್ಕಾರ ಸಂದಿತು. ಭಾರತದ ವೈದ್ಯರೂ ಇದರಲ್ಲಿ ಪಾಲ್ಗೊಂಡರು. 2008ರ ವಿಶ್ವ ಸಮ್ಮೇಳನ ದೆಹಲಿಯಲ್ಲಿಯೇ ನೆರವೇರಿತು. ಈ ಸಂಘಟನೆಯಿಂದಲೇ ಹುಟ್ಟಿದ ಅಭಿಯಾನದ ಶ್ರಮದಿಂದ, 2017ರಲ್ಲಿ 122 ರಾಷ್ಟ್ರಗಳ ಒಪ್ಪಿಗೆಯೊಡನೆ ಅಣ್ವಸ್ತ್ರ ನಿಷೇಧ ಒಪ್ಪಂದವು ಅಂಗೀಕೃತವಾಯಿತು. 2021ರ ಜನವರಿ 22ರಿಂದ ಜಾರಿಗೆ ಬಂದಿತು. ಭಾರತವೂ ಸೇರಿ ಅಣ್ವಸ್ತ್ರವುಳ್ಳ ಯಾವ ರಾಷ್ಟ್ರವೂ ಅದಕ್ಕೆ ಸಹಿ ಹಾಕಿಲ್ಲ.

1998ರ ಮೇ ತಿಂಗಳಲ್ಲಿ ಮೊದಲು ಭಾರತ, ಅನಂತರ ಪಾಕಿಸ್ತಾನ ಅಣುಪರೀಕ್ಷೆ ನಡೆಸಿದವು. ನೆರೆಯವನ ಕೈಯಲ್ಲಿ ಅಸ್ತ್ರವಿರುವಾಗ ನಾವು ಬರಿಗೈಯಲ್ಲಿರಬೇಕೆ ಎಂಬ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ವೈದ್ಯರ ಪ್ರಶ್ನೆ ಬೇರೆ: ಅದು ಬಿದ್ದ ದಿನ ಗತಿಯೇನು? ಮುದ್ದೇಬಿಹಾಳದಲ್ಲಾಗಲಿ ಬಸವನ ಬಾಗೇವಾಡಿಯಲ್ಲಾಗಲಿ ಒಬ್ಬರು ತೀವ್ರವಾಗಿ ಸುಟ್ಟುಕೊಂಡರೂ ದೂರದ ದೊಡ್ಡ ಆಸ್ಪತ್ರೆಗೆ ಧಾವಿಸುವವರು ನಾವು. ಲಕ್ಷ ಜನ ಒಮ್ಮೆಲೇ ಸುಟ್ಟರೆ ಎಲ್ಲಿಗೆ ಧಾವಿಸೋಣ? ತುಂಬಿಕೊಡಲಾಗದ ನಷ್ಟವನ್ನು ಮೊದಲೇ ತಡೆಯಬೇಕೆಂಬುದು ವ್ಯಾಪಾರದ ಮೊದಲ ಪಾಠವೂ ಹೌದು.

ನಮ್ಮ ಮನೆಗಳಲ್ಲಿ ಇಂದು ವೈದ್ಯರಿದ್ದಾರೆ. ಉಚಿತ ಚಿಕಿತ್ಸಾ ಶಿಬಿರಗಳಲ್ಲಿ ಔಷಧ ಕೊಡುವ ಅವರು ಈ ಲೆಕ್ಕವನ್ನೂ ಜನರಿಗೆ ತಿಳಿಸಲಿ. ಭೈಷಜ್ಯಕ್ಕೆ ನಿಲುಕದ ಕಡೆ ಉಳಿಯುವುದು ಅಭಯವೊಂದೇ.