ವೇದಾವತಿ: ಋತುನದಿಯ ನೀರು ಮತ್ತು ರೈತ ಸಮುದಾಯ

ನಮ್ಮ ನೀರಾವರಿ ಚರಿತ್ರೆಯನ್ನು ಬಹುಮಟ್ಟಿಗೆ ಅಣೆಕಟ್ಟುಗಳ ನಿರ್ಮಾಣದ ವರ್ಷಗಳಿಂದ ಗುರುತಿಸಲಾಗಿದೆ. ವರ್ಷವಿಡೀ ಹರಿಯದ ನದಿಗಳ ಅಧ್ಯಯನಕ್ಕೆ ಈ ಕ್ರಮ ಸಾಲದು. ಅಲ್ಲಿ ನೀರು ಬಾರದ ವರ್ಷಗಳೂ ಚರಿತ್ರೆಯ ಭಾಗವೇ. ವೇದಾವತಿ ಇದಕ್ಕೆ ತಕ್ಕ ನಿದರ್ಶನ.

ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ತೊರೆಗಳು ಕಡೂರು ಸೀಮೆಯಲ್ಲಿ ಕೂಡಿ ವೇದಾವತಿಯಾಗುತ್ತವೆ. ಈ ನದಿ ಹೊಸದುರ್ಗ, ಹಿರಿಯೂರು, ಚಳ್ಳಕೆರೆಗಳ ಬಯಲುಸೀಮೆಯನ್ನು ಹಾದು, ಮುಂದೆ ಹಗರಿ ಎಂಬ ಹೆಸರಿನಿಂದ ತುಂಗಭದ್ರೆಯನ್ನು ಸೇರುತ್ತದೆ. ಈ ಸೀಮೆಯ ಬೇಸಾಯ ಹಿಂದಿನಿಂದಲೂ ಕೆರೆ ಮತ್ತು ಕಪಿಲೆ ಬಾವಿಗಳನ್ನು ನೆಚ್ಚಿತ್ತು. ಕೆರೆ ತುಂಬಿದ ವರ್ಷ ಭತ್ತ; ತುಂಬದಿದ್ದರೆ ರಾಗಿ, ಜೋಳ, ಹುರುಳಿ. ತೂಬಿನ ನೀರನ್ನು ನೀರುಗಂಟಿ ಸರದಿಯಂತೆ ಹಂಚುತ್ತಿದ್ದನು. ಮಳೆಯ ಅನಿಶ್ಚಿತತೆಗೆ ಈ ಪದ್ಧತಿಯೊಳಗೇ ಎಡೆಯಿತ್ತು.

1892ರಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ ಏರ್ಪಟ್ಟ ಒಪ್ಪಂದವು 15 ಮುಖ್ಯ ನದಿಗಳ ಮೇಲೆ ಹೊಸ ಕಾಮಗಾರಿಗಳನ್ನು ಕೈಗೊಳ್ಳಲು ಮದರಾಸಿನ ಪೂರ್ವಾನುಮತಿಯನ್ನು ಅಗತ್ಯಗೊಳಿಸಿತು. ಅವುಗಳಲ್ಲಿ ವೇದಾವತಿಯೂ ಒಂದು. ಮಹಾರಾಣಿ ವಾಣಿ ವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದಾಗ, 1898ರಲ್ಲಿ, ಹಿರಿಯೂರು ಸಮೀಪದ ಮಾರಿಕಣಿವೆಯಲ್ಲಿ ಆರಂಭವಾದ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. ಸುಮಾರು 30 ಟಿಎಂಸಿ ಅಡಿ ಸಾಮರ್ಥ್ಯದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಹರಿದದ್ದು 2022ರಲ್ಲಿ.

ಈ 89 ವರ್ಷಗಳ ಅಂತರವನ್ನು ಅಣೆಕಟ್ಟಿನ ವೈಫಲ್ಯವೆಂದು ಎಣಿಸುವುದು ಸರಿಯಲ್ಲ. ಒಳ್ಳೆಯ ಮಳೆಯ ವರ್ಷದ ನೀರನ್ನು ಮುಂದಿನ ವರ್ಷಗಳಿಗೆ ಉಳಿಸಿಕೊಡುವುದೇ ಇಂತಹ ಜಲಾಶಯದ ಪ್ರಯೋಜನ. ಆದರೆ ಆ ಭರವಸೆಯ ಮೇಲೆ ಅಚ್ಚುಕಟ್ಟಿನಲ್ಲಿ ತೆಂಗು, ಅಡಿಕೆ ತೋಟಗಳು ಬೆಳೆದವು. ರಾಗಿಯ ಹೊಲವನ್ನು ಒಂದು ವರ್ಷ ಬೀಳು ಬಿಡಬಹುದು, ತೋಟವನ್ನು ಬಿಡಲಾಗದು. 2017ರ ವೇಳೆಗೆ ನೀರಿನ ಮಟ್ಟ ತಳಕ್ಕಿಳಿದಾಗ ಒಣಗಿದ್ದು ಒಂದು ವರ್ಷದ ಫಸಲಲ್ಲ, ದಶಕಗಳ ದುಡಿಮೆ.

ಭದ್ರಾ ನೀರಿಗಾಗಿ ಹಿರಿಯೂರು ಭಾಗದ ರೈತರು ನಡೆಸಿದ ದೀರ್ಘ ಹೋರಾಟದ ಬಳಿಕ, 2019ರಿಂದ ಭದ್ರಾ ಮೇಲ್ದಂಡೆ ಯೋಜನೆಯ ನೀರು ವೇದಾವತಿಯ ಪಾತ್ರದ ಮೂಲಕ ಜಲಾಶಯವನ್ನು ಸೇರತೊಡಗಿತು. 2022ರ ಕೋಡಿಯಲ್ಲಿಯೂ, 2025ರ ಜನವರಿಯ ಕೋಡಿಯಲ್ಲಿಯೂ ಮಳೆಯೊಡನೆ ಭದ್ರೆಯ ಪಾಲಿತ್ತು. ಹೀಗಾಗಿ ಒಂದು ನದಿಯ ಕೊರತೆಯು ಮತ್ತೊಂದು ನದಿಯ ಅಚ್ಚುಕಟ್ಟಿನ ಹಕ್ಕಿನೊಡನೆ ತಳುಕು ಹಾಕಿಕೊಂಡಿದೆ. ಋತುನದಿಯ ಚರಿತ್ರೆಯನ್ನು ಬರೆಯುವವರು ಕೋಡಿ ಬಿದ್ದ ವರ್ಷಗಳೊಡನೆ ತೋಟ ಒಣಗಿದ ವರ್ಷಗಳನ್ನೂ ದಾಖಲಿಸಬೇಕಾಗಿದೆ. ನೀರಿನ ಹಕ್ಕನ್ನು ಕುರಿತ ಪ್ರಶ್ನೆಗಳು ಹುಟ್ಟುವುದು ಆ ವರ್ಷಗಳಲ್ಲಿಯೇ.