ಪಾವತಿ ಇಲ್ಲದವರು

ಅಂಕೋಲೆಯ ಚರಿತ್ರೆ ಎಂದರೆ ಎಲ್ಲರೂ 1930ರ ಉಪ್ಪಿನ ಸತ್ಯಾಗ್ರಹದಿಂದ ಸುರು ಮಾಡುತ್ತಾರೆ. ಆಮೇಲೆ ಕರನಿರಾಕರಣೆ. ಊರಿಗೆ ಕರ್ನಾಟಕದ ಬಾರ್ಡೋಲಿ ಎಂಬ ಬಿರುದೂ ಬಂತು. ದೊಡ್ಡ ಹೋರಾಟವೇ, ಅದನ್ನು ನಾವು ಸಣ್ಣದು ಮಾಡುವುದಿಲ್ಲ. ಆದರೆ ಕರ ಕೊಡುವುದಿಲ್ಲ ಎನ್ನಬೇಕಾದರೂ ಕರದ ಲೆಕ್ಕದಲ್ಲಿ ಹೆಸರು ಇರಬೇಕಲ್ಲ? ಗೇಣಿಗೆ ಉತ್ತವರ, ಉಪ್ಪು ಹೊತ್ತವರ ಹೆಸರು ಅದರಲ್ಲಿ ಎಲ್ಲಿತ್ತು? ಸರ್ಕಾರದ ಪಾವತಿ ಒಡೆಯರ ಪೆಟ್ಟಿಗೆಯಲ್ಲಿ. ನಮ್ಮ ಹಿರಿಯರ ಗುರುತು ಒಡೆಯರ ಬಾಯಲ್ಲಿ. 'ಅವ ನಮ್ಮ ಒಕ್ಕಲು', 'ಅವ ನಮ್ಮ ಆಳು', ಅಷ್ಟೇ.

ಈ ಪಾವತಿಯ ಮಾತು ಯಾಕೆ ಎತ್ತಿದೆವು ಅಂದರೆ, ಓದಿದವರು ಕೆಲವರು ಈಗ ಭೂತಾನವನ್ನು ಹೊಗಳುತ್ತಿದ್ದಾರೆ. 2023ರಲ್ಲಿ ಆ ಪುಟ್ಟ ದೇಶ ತನ್ನ ಪ್ರಜೆಗಳಿಗೆ ಹೊಸ ನಮೂನೆಯ ಡಿಜಿಟಲ್ ಗುರುತು ಕೊಟ್ಟಿತು, ಅದಕ್ಕೊಂದು ಕಾಯಿದೆಯನ್ನೂ ಮಾಡಿತು. ಪತ್ರ ಇರುವುದು ಪ್ರಜೆಯ ಮೊಬೈಲಿನಲ್ಲೇ. ಕೇಳಿದವರಿಗೆ ಬೇಕಾದಷ್ಟನ್ನು ಮಾತ್ರ ತೋರಿಸಬಹುದು. ಹದಿನೆಂಟು ದಾಟಿದೆ ಅಂತ ತೋರಿಸಲು ಹುಟ್ಟಿದ ತಾರೀಖು, ಅಪ್ಪನ ಹೆಸರು ಬಿಚ್ಚಿಡಬೇಕಿಲ್ಲ. ಪತ್ರ ಸಾಚಾ ಹೌದೋ ಅಲ್ಲವೋ ಎಂದು ನೋಡಲು ಬ್ಲಾಕ್‌ಚೈನ್ ಎಂಬ ಹಲವು ಕಡೆ ಹಂಚಿಟ್ಟ ಖಾತೆಪುಸ್ತಕ. ಇದಕ್ಕೆ ವಿಕೇಂದ್ರಿತ ಗುರುತು ಎನ್ನುತ್ತಾರೆ. ಜಾತಿ ಹೇಳದೆ ಬಾಡಿಗೆ ಮನೆ ಕೇಳುವ ಕಾಲ ಬಂದೀತು ಅಂತ ನಮಗೂ ಒಂದು ಗಳಿಗೆ ಆಸೆ ಹುಟ್ಟಿತು. ಸುಳ್ಳು ಯಾಕೆ ಹೇಳಬೇಕು?

ಆದರೆ ಅದೇ ಭೂತಾನದಲ್ಲಿ 1988ರ ಗಣತಿಯವರು ದಕ್ಷಿಣದ ನೇಪಾಳಿ ಮಾತಿನ ಜನರ ಬಾಗಿಲಿಗೆ ಹೋಗಿ ಕೇಳಿದ್ದೇನು? 1958ರ ಕಂದಾಯದ ಪಾವತಿ! ಮೂವತ್ತು ವರ್ಷದ ಹಿಂದಿನ ಚೀಟಿ. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಮಳೆ, ಗೆದ್ದಲು. ಯಾರ ಮನೆಯಲ್ಲಿ ಉಳಿದೀತು? ತೋರಿಸಲಾಗದವರು ಹೊರಗಿನವರಾದರು. 1990ರ ದಶಕದಲ್ಲಿ ಲಕ್ಷಕ್ಕೂ ಮೇಲೆ ಜನ ನೇಪಾಳದ ಶಿಬಿರಗಳಲ್ಲಿ ಬಂದು ಬಿದ್ದರು. ಪತ್ರ ಯಾರ ಕಿಸೆಯಲ್ಲಿದೆ ಎಂದು ಕೇಳುವುದನ್ನು ನಾವು ಈಗ ಕಲಿತಿದ್ದೇವೆ. ಕೊಡುವ ಕೈ ಯಾರದು ಎಂದು ಅಂದೇ ಕೇಳಬೇಕಿತ್ತು, ಬ್ಲಾಕ್‌ಚೈನಿನಲ್ಲಿ ಅದಕ್ಕೆ ಉತ್ತರವಿಲ್ಲ.

ಉಳಿದ ನೆರೆಯವರಲ್ಲಿ ಇನ್ನೂ ಒಂದೇ ದೊಡ್ಡ ಪೆಟ್ಟಿಗೆ. ಬಾಂಗ್ಲಾದೇಶ 2016ರಲ್ಲಿ ಸ್ಮಾರ್ಟ್ ಕಾರ್ಡು ಹಂಚಿತು, 2023ರಲ್ಲಿ ಕೋಟಿಗಟ್ಟಲೆ ಜನರ ವಿವರ ಸೋರಿತು.

ನಮ್ಮ ಪೆಟ್ಟಿಗೆಯ ಹೆಸರು ಆಧಾರ್. ಮೊದಲ ಸಂಖ್ಯೆ ಕೊಟ್ಟದ್ದು 2010ರಲ್ಲಿ, ಮಹಾರಾಷ್ಟ್ರದ ತೆಂಭ್ಲಿ ಎಂಬ ಆದಿವಾಸಿ ಊರಿನಲ್ಲಿ. ಪ್ರಯೋಗಕ್ಕೆ ಮೊದಲು ನಾವೇ ಬೇಕು ನೋಡಿ! ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಅದರ ಮೇಲೆ ಸುಪ್ರೀಂ ಕೋರ್ಟಿಗೆ ಹೋದರು. 2018ರಲ್ಲಿ ತೀರ್ಪು ಬಂತು. ಬ್ಯಾಂಕಿನ ಖಾತೆಗೆ, ಸಿಮ್ಮಿಗೆ ಕಡ್ಡಾಯ ಬೇಡ ಎಂದಿತು. ಸರ್ಕಾರದ ಅಕ್ಕಿಗೆ ಇರಲಿ ಎಂದಿತು.

ಅದಕ್ಕೂ ಒಂದು ವರ್ಷ ಮೊದಲೇ, 2017ರ ಜುಲೈ ಮಳೆಯಲ್ಲಿ, ಗೋಕರ್ಣದಲ್ಲಿ ಒಂದೇ ದಲಿತ ಮನೆಯ ಮೂವರು ಅಣ್ಣತಮ್ಮಂದಿರು ಸತ್ತಿದ್ದರು. ಅಂಕೋಲೆಯಿಂದ ಗಂಗಾವಳಿ ಹೊಳೆ ದಾಟಿದರೆ ಗೋಕರ್ಣ. ಆಧಾರ್ ಜೋಡಿಸಿಲ್ಲವೆಂದು ರೇಶನ್ ಕಾರ್ಡು ರದ್ದಾಗಿತ್ತು, ಅದು ಹಸಿವಿನ ಸಾವು ಎಂದು ಪಿಯುಸಿಎಲ್‌ನವರು ಬಂದು ನೋಡಿ ಬರೆದರು. ಕುಡಿದು ಸತ್ತರು ಎಂದಿತು ಸರ್ಕಾರ. ಸತ್ತ ಮೇಲೂ ನಮಗೆ ಒಂದು ಗುರುತು ಕೊಡಲು ಅವರಿಗೆ ಎಷ್ಟು ಅವಸರ!

ಪಟ್ಟಿಯ ಕತೆ ಬೇರೆಯೇ ಇದೆ. ನಮ್ಮ ಜಿಲ್ಲೆಯ ಸಿದ್ದಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಪತ್ರ ಸಿಕ್ಕಿತು. ಗಡಿಯಾಚೆ ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿ 2020ರ ತನಕ ಕಾಯಬೇಕಾಯಿತು. ಅಂಕೋಲೆಯ ಹಾಲಕ್ಕಿ ಒಕ್ಕಲಿಗರೂ ಕೇಳುತ್ತಲೇ ಬಂದವರು. ಹಾಡಿನ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಕೊಟ್ಟರು. 2025ರ ಫೆಬ್ರವರಿಯಲ್ಲಿ ಅಜ್ಜಿ ತೀರಿಕೊಂಡರು. ಅವರ ಜನ ಆಗಲೂ ಪಟ್ಟಿಯ ಹೊರಗೆ.

ಕಾರವಾರದ ಕಾಳಿ ಹಳೇ ಸೇತುವೆ 2024ರ ಆಗಸ್ಟಿನ ಒಂದು ರಾತ್ರಿ ಮುರಿದು ಬಿತ್ತು, ಹೊಸದರ ಮೇಲೆ ಜನ ಗೋವೆಗೆ ಹೋಗುತ್ತಾರೆ. ನಮ್ಮ ಹುಡುಗರ ಆಧಾರ್ ಅಲ್ಲೂ ನಡೆಯುತ್ತದೆ. ಜಾತಿಪತ್ರ ನಡೆಯುವುದಿಲ್ಲ, ಒಂದು ರಾಜ್ಯದ್ದು ಇನ್ನೊಂದರಲ್ಲಿ ಮೀಸಲಾತಿಗೆ ಸಲ್ಲದು ಎಂದು 1990ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಕೆಲಸಕ್ಕೆ ಇಟ್ಟುಕೊಳ್ಳುವವ ಹೆಸರು ಕೇಳುತ್ತಾನೆ, ಊರು ಕೇಳುತ್ತಾನೆ. ಆಮೇಲೆ ಚಾ ಲೋಟ ಕೈಗೆ ಕೊಡುವ ಮೊದಲು ಯಾವ ಕೇರಿಯವ ಅಂತ ಕೇಳುತ್ತಾನೆ.