ಶೃಂಗೇರಿಯ ಲೂಟಿ ಮತ್ತು ನ್ಯಾಯದ ತಕ್ಕಡಿ



ಪವಿತ್ರ ಕುರ್‌ಆನ್‌ನ ಸೂರಃ ಹಜ್ಜ್‌ನ 40ನೇ ಆಯತ್‌ನಲ್ಲಿ ಅಲ್ಲಾಹನು ಸನ್ಯಾಸಿಗಳ ಮಠ, ಕ್ರೈಸ್ತರ ಚರ್ಚು, ಯಹೂದಿಯರ ಆರಾಧನಾಲಯ ಮತ್ತು ಮಸೀದಿಗಳನ್ನು ಒಟ್ಟಿಗೆ ಹೆಸರಿಸಿದ್ದಾನೆ. ದಬ್ಬಾಳಿಕೆಯನ್ನು ತಡೆಯುವವರು ಇಲ್ಲದಿದ್ದರೆ ಇವೆಲ್ಲವೂ ನೆಲಸಮವಾಗುತ್ತಿದ್ದವು ಎಂಬುದು ಅದರ ಸಾರ. ಪಟ್ಟಿಯಲ್ಲಿ ಮಸೀದಿ ಕೊನೆಗೆ ಬರುತ್ತದೆ ಎಂಬುದನ್ನು ಗಮನಿಸಿರಿ. ಸಿರಿಯಾದ ಕಡೆಗೆ ಸೈನ್ಯ ಕಳಿಸುವಾಗ ಹಜರತ್ ಅಬೂಬಕರ್ (ರ) ಅವರು ಹೆಂಗಸರು, ಮಕ್ಕಳು, ಮುದುಕರನ್ನು ಕೊಲ್ಲಬೇಡಿ, ಹಣ್ಣಿನ ಮರ ಕಡಿಯಬೇಡಿ, ಮಠದಲ್ಲಿ ಆರಾಧನೆಗೆ ಕುಳಿತವರನ್ನು ಅವರ ಪಾಡಿಗೆ ಬಿಡಿ ಎಂದು ತಾಕೀತು ಮಾಡಿದ್ದರು.

ಈ ಮಾತನ್ನು ನಮ್ಮ ನಾಡಿನ ಇತಿಹಾಸದ ಮುಂದಿಟ್ಟು ನೋಡೋಣ.

1790ರಿಂದ 1792ರವರೆಗೆ ಮೂರನೇ ಮೈಸೂರು ಯುದ್ಧ ನಡೆಯಿತು. ಟಿಪ್ಪು ಸುಲ್ತಾನರ ವಿರುದ್ಧ ಇಂಗ್ಲಿಷರು, ಹೈದರಾಬಾದಿನ ನಿಜಾಮರು ಮತ್ತು ಮರಾಠರು ಒಂದಾದರು. ಅಂದರೆ ಮುಸಲ್ಮಾನ ದೊರೆಯ ವಿರುದ್ಧ ಮುಸಲ್ಮಾನ ದೊರೆಯೇ ನಿಂತಿದ್ದ. ಅದು ರಾಜ್ಯಕ್ಕಾಗಿ ನಡೆದ ಯುದ್ಧ, ಧರ್ಮಕ್ಕಾಗಿ ಅಲ್ಲ. ಮರಾಠ ಸೈನ್ಯದ ಮುಖಂಡ ಪರಶುರಾಮ ಭಾವು ಪಟವರ್ಧನ. ಮಿರಜ್, ಕುರುಂದವಾಡ, ಜಮಖಂಡಿಗಳನ್ನು ಆಳಿದ ಮನೆತನ ಅದು. ನಮ್ಮ ಏಕಸಂಬಿಯವರಿಗೆ ಈ ಊರುಗಳು ಸಂತೆಗೂ ಬೀಗತನಕ್ಕೂ ಹೋಗಿಬರುವ ನೆರೆಯೂರುಗಳು.

1791ರಲ್ಲಿ ಧಾರವಾಡದ ಕೋಟೆ ಮರಾಠರ ಕೈಸೇರಿತು. ಅದೇ ವರ್ಷ ಅವರ ಕುದುರೆ ದಂಡಿನ ಒಂದು ಗುಂಪು ಶೃಂಗೇರಿಯ ಮಠದ ಮೇಲೆ ಬಿದ್ದಿತು. ಅನೇಕರು ಸತ್ತರು. ಶಾರದೆಯ ಮೂರ್ತಿಯನ್ನು ಪೀಠದಿಂದ ಕಿತ್ತರು. ಲೂಟಿಯಾದ ಸೊತ್ತು 60 ಲಕ್ಷ ರೂಪಾಯಿಯದು ಎಂಬ ಲೆಕ್ಕವಿದೆ. ಸ್ವಾಮಿಗಳು ಕಾರ್ಕಳಕ್ಕೆ ಹೋಗಿ ಆಶ್ರಯ ಪಡೆದರು. ಲೂಟಿ ಮಾಡಿದವರು ಹಿಂದೂ ಪೇಶ್ವೆಯ ದಂಡಿನವರು, ಲೂಟಿಯಾದದ್ದು ಹಿಂದೂಗಳ ಜಗದ್ಗುರು ಪೀಠ.

ಸ್ವಾಮಿಗಳು ತಮ್ಮ ಕಷ್ಟವನ್ನು ಟಿಪ್ಪು ಸುಲ್ತಾನರಿಗೆ ಬರೆದು ತಿಳಿಸಿದರು. ಸುಲ್ತಾನರು ಅವರನ್ನು ಜಗದ್ಗುರು ಎಂದೇ ಸಂಬೋಧಿಸಿ ಉತ್ತರ ಬರೆದರು. ಮೂರ್ತಿಯ ಮರುಪ್ರತಿಷ್ಠೆಗೆ 200 ರಾಹತಿ ನಗದು ಮತ್ತು ಬೇಕಾದ ಸಾಮಗ್ರಿ ಕೊಡುವಂತೆ ಬಿದನೂರಿನ ಅಧಿಕಾರಿಗೆ ಹುಕುಂ ಮಾಡಿದರು. ಈ ಪತ್ರಗಳು ಕನ್ನಡದಲ್ಲಿವೆ. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರು ಮಠದಲ್ಲಿ ಇವನ್ನು ಕಂಡು ಬೆಳಕಿಗೆ ತಂದರು. ನಮ್ಮವರು ಬರೆದಿಟ್ಟ ಹೊಗಳಿಕೆಯಲ್ಲ ಇದು, ಮಠವೇ ಜೋಪಾನ ಮಾಡಿದ ದಾಖಲೆ.

ಆದರೆ ಇಲ್ಲಿಗೇ ನಿಲ್ಲಿಸಿದರೆ ನಾವು ಅರ್ಧ ಸತ್ಯ ಹೇಳಿದಂತಾಗುತ್ತದೆ. ಏಳು ವರ್ಷ ಮೊದಲು, 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂದು ಇದೇ ಸುಲ್ತಾನರು ಮಂಗಳೂರು ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಮಿಲಾಗ್ರಿಸ್ ಸೇರಿದಂತೆ ಚರ್ಚುಗಳನ್ನು ಕೆಡವಲಾಯಿತು. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. ಕುರ್‌ಆನ್ ಹೆಸರಿಸಿದ ಪಟ್ಟಿಯಲ್ಲಿ ಮಠವೂ ಇದೆ, ಚರ್ಚೂ ಇದೆ. ಶೃಂಗೇರಿಯ ಪತ್ರಗಳನ್ನು ಹೆಮ್ಮೆಯಿಂದ ತೋರಿಸುವ ನಾಲಿಗೆ ಮಂಗಳೂರಿನ ಚರ್ಚುಗಳ ಬಗ್ಗೆ ಮೌನವಾದರೆ ಅದು ನ್ಯಾಯವಲ್ಲ. ನಿಮ್ಮ ವಿರುದ್ಧವೇ ಆದರೂ, ತಂದೆತಾಯಿ, ಬಂಧುಬಳಗದ ವಿರುದ್ಧವೇ ಆದರೂ ಸತ್ಯಕ್ಕೆ ಸಾಕ್ಷಿಯಾಗಿರಿ ಎಂಬುದು ಸೂರಃ ನಿಸಾದ ಆಜ್ಞೆ. ಅರಸರ ಕೆಲಸವನ್ನು ದೀನ್‌ನ ತಕ್ಕಡಿಯಲ್ಲಿ ತೂಗಬೇಕೇ ಹೊರತು, ಅರಸರನ್ನೇ ದೀನ್‌ನ ತಕ್ಕಡಿ ಮಾಡಿಕೊಳ್ಳಬಾರದು.

1799ರ ಮೇ 4ರಂದು ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಮಡಿದರು. ಅದೇ ವರ್ಷ ಪರಶುರಾಮ ಭಾವು ಕೊಲ್ಲಾಪುರದ ಸೈನ್ಯದೊಡನೆ ಕಾದಾಡಿ ನಮ್ಮ ಪಕ್ಕದ ಪಟ್ಟಣಕುಡಿಯಲ್ಲಿ ಸತ್ತ. ಇಬ್ಬರ ರಾಜ್ಯವೂ ಉಳಿಯಲಿಲ್ಲ. ಶೃಂಗೇರಿಯ ಮಠ ಇದೆ, ಮಿಲಾಗ್ರಿಸ್ ಚರ್ಚು ಮತ್ತೆ ಎದ್ದು ನಿಂತಿದೆ.

ಇಂದು ಮೊಬೈಲಿನಲ್ಲಿ ಯಾರು ಯಾರ ಗುಡಿ ಕೆಡವಿದರು ಎಂಬ ತುಣುಕುಗಳು ಓಡಾಡುತ್ತವೆ. ಅವನ್ನು ಮುಂದೆ ಕಳಿಸುವ ಮೊದಲು ಪರೀಕ್ಷಿಸಿರಿ. ಮಕ್ಕಳಿಗೆ ಶೃಂಗೇರಿಯನ್ನೂ ಹೇಳಿರಿ, ಮಂಗಳೂರನ್ನೂ ಹೇಳಿರಿ. ನೆರೆಯವರ ಪೂಜಾಸ್ಥಳಕ್ಕೆ ಕಲ್ಲು ಬೀಳುವ ಹೊತ್ತು ಬಂದರೆ ಅಡ್ಡ ನಿಲ್ಲುವವರ ಸಾಲಿನಲ್ಲಿ ನಮ್ಮ ಮಕ್ಕಳಿರಲಿ. ಅಲ್ಲಾಹನು ನಮಗೆ ನ್ಯಾಯ ನುಡಿಯುವ ಬಲವನ್ನು ಕೊಡಲಿ, ಆಮೀನ್.